ಕೋಲಿಗೆ ಪೋಣಿಸಿದ ಡೋನಟ್

ಭಾನುವಾರ ಬೆಳಿಗ್ಗೆ ಬಾಗಿಲ ಗಂಟೆ ಸದ್ದಾದಾಗ ಅಕ್ಕ ವಾರದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಸ್ವಿಚ್ ಆರಿಸಿ, ಕೈ ಒರೆಸಿಕೊಂಡು, ಬಾಗಿಲ ಕಿಂಡಿಗೆ ಕಣ್ಣಿಟ್ಟು ನೋಡಿದಳು. ಹೊರಗೆ ತಂಗಿ ನಿಂತಿದ್ದಳು. ಎರಡು ಕೈಯಲ್ಲೂ ಭಾರದ ಚೀಲ, ಮುಖದ ತುಂಬ ನಗು.

ತಂಗಿ ಹಾಗೆ ಬರುವವಳಲ್ಲ. ಊರಿನ ಇನ್ನೊಂದು ತುದಿಯಲ್ಲಿ ಅವಳ ಮನೆ. ಬರುವುದಿದ್ದರೆ ಮೊದಲೇ ಫೋನು ಬರುತ್ತಿತ್ತು. ಬರುವಾಗ ಬರಿಗೈ, ಹೋಗುವಾಗ ಮಾತ್ರ ಕೈ ತುಂಬಿರುತ್ತಿತ್ತು. ಇವತ್ತು ಎಲ್ಲ ತಿರುವುಮುರುವು. ಚಿಲಕ ತೆಗೆಯುವ ಮೊದಲೇ ಅಕ್ಕ ಮನಸ್ಸಿನಲ್ಲಿ ಅಂದುಕೊಂಡಳು: ಏನೋ ಇದೆ.

ಅವಳ ಕೆಲಸವೇ ಅವಳನ್ನು ಹಾಗೆ ಮಾಡಿತ್ತು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವಳು ಇನ್ಸ್‌ಪೆಕ್ಟರ್. ಅಂಗಡಿಗಳ ತಕ್ಕಡಿ, ಪೆಟ್ರೋಲ್ ಬಂಕಿನ ಪಂಪು, ಹಾಲಿನ ಕೇಂದ್ರದ ಅಳತೆಪಾತ್ರೆ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು, ಮೋಸವಿದ್ದರೆ ಹಿಡಿಯುವುದು. ತಟ್ಟೆಯ ಅಡಿಗೆ ಅಂಟಿಸಿದ ಮೇಣದ ಉಂಡೆ, ಕೊರೆದು ಟೊಳ್ಳು ಮಾಡಿದ ಕಬ್ಬಿಣದ ತೂಕದ ಬಟ್ಟು, ಅವಳ ಕಣ್ಣು ತಪ್ಪಿಸಿದ್ದು ಕಡಿಮೆ. ಮಾರುಕಟ್ಟೆಯಲ್ಲಿ ಅವಳಿಗೆ ‘ತಕ್ಕಡಿ ಮೇಡಂ’ ಎಂದೇ ಹೆಸರು. ಮುಖ ಗಂಟಿಕ್ಕಿಕೊಂಡ ಅಂಗಡಿಯವನ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಕುರ್ಚಿ ಒರೆಸಿ ಕೂರಿಸಿ, ಟೀ ತರಿಸುವವನ ತಕ್ಕಡಿಯನ್ನು ಮಾತ್ರ ಎರಡು ಸಲ ನೋಡುತ್ತಿದ್ದಳು.

“ಅಕ್ಕಾ, ಡೋನಟ್ ಮಾಡೋಣ ಅಂತ ಬಂದೆ,” ಎಂದಳು ತಂಗಿ, ಚೀಲಗಳನ್ನು ಅಡಿಗೆಮನೆಯ ಕಟ್ಟೆಯ ಮೇಲಿಡುತ್ತಾ.

“ನೀನಾ?”

“ಯಾಕೆ, ನಾನು ಮಾಡಬಾರದಾ?”

ಮಾಡಬಾರದು ಎಂದೇನಿಲ್ಲ. ಆದರೆ ತಂಗಿಯ ಅಡಿಗೆ ಎಂದರೆ ಮನೆಯವರೆಲ್ಲ ಆ ದಿನ ಹೊಟ್ಟೆನೋವಿನ ನೆವ ಹೇಳುವಂಥದ್ದು. ಅಂಥವಳು ಮೈದಾ, ಬೆಣ್ಣೆ, ಮೊಟ್ಟೆ, ಹಾಲು, ಪುಡಿಸಕ್ಕರೆ, ಒಂದು ಪುಟ್ಟ ಡಬ್ಬದಲ್ಲಿ ಯೀಸ್ಟ್ ಎಲ್ಲವನ್ನೂ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದಳು. ಅಕ್ಕ ಬಾಗಿಲಿಗೆ ಒರಗಿ ನೋಡುತ್ತ ನಿಂತಳು. ಬೆಲ್ಲ ಇದ್ದಲ್ಲಿಗೆ ಇರುವೆ ಬರುವುದು ಲೋಕರೂಢಿ. ಇಲ್ಲಿ ಇರುವೆಯೇ ಬೆಲ್ಲ ಹೊತ್ತು ತಂದಿತ್ತು.

ತಂಗಿ ಹಾಲನ್ನು ಉಗುರುಬೆಚ್ಚಗೆ ಮಾಡಿ, ಕಿರುಬೆರಳು ಅದ್ದಿ ನೋಡಿ, ಸಕ್ಕರೆಯ ಜೊತೆ ಯೀಸ್ಟ್ ಉದುರಿಸಿದಳು. ಹಾಲು ಸುಡುವಂತಿದ್ದರೆ ಯೀಸ್ಟ್ ಸತ್ತುಹೋಗುತ್ತದೆ, ತಣ್ಣಗಿದ್ದರೆ ಏಳುವುದೇ ಇಲ್ಲ ಎಂದು ವಿವರಿಸಿದಳು. ಸ್ವಲ್ಪ ಹೊತ್ತಿಗೆ ಬಟ್ಟಲಿನ ತುಂಬ ಕಂದು ನೊರೆ ಉಕ್ಕಿ, ಹುಳಿಹುಳಿಯಾದ ಬೆಚ್ಚನೆಯ ವಾಸನೆ ಅಡಿಗೆಮನೆಯನ್ನು ತುಂಬಿತು. ಆ ವಾಸನೆ ಅಕ್ಕನಿಗೆ ಬೇಡದ್ದು. ಅವಳು ಹೋಗಿ ಕಿಟಕಿ ತೆರೆದಳು.

“ಯಾರು ಕಲಿಸಿದ್ದು?” ಎಂದು ಕೇಳಿದಳು.

“ಯಾರೋ ಗೊತ್ತಿರೋರು.”

ಯಾರೋ ಗೊತ್ತಿರೋರು. ಕಳ್ಳಮಾಲು ಎಲ್ಲಿಂದ ಬಂತು ಎಂದು ಕೇಳಿದಾಗ ವ್ಯಾಪಾರಿಗಳು ಕೊಡುವ ಉತ್ತರ ಅದು. ಅಕ್ಕ ಮುಂದೆ ಕೇಳಲಿಲ್ಲ. ಕೇಳಿದರೆ ಎದುರಿನವರು ಎಚ್ಚರವಾಗುತ್ತಾರೆ. ಸುಮ್ಮನಿದ್ದರೆ ಅವರೇ ಎಡವುತ್ತಾರೆ. ಇದು ಅವಳ ಅನುಭವ.

ಹಿಟ್ಟು ಕಲಸುವಾಗ ತಂಗಿ ತೂಗಲಿಲ್ಲ, ಅಳೆಯಲಿಲ್ಲ. ತಕ್ಕಡಿ ಕೊಡಲೇ ಎಂದರೆ ಬೇಡವೆಂದಳು. ಕೈಗೆ ಅಂಟಿಯೂ ಅಂಟದಂತೆ ಬಂದರೆ ಸಾಕು, ಹೆಚ್ಚು ಹಿಟ್ಟು ಸುರಿದರೆ ಡೋನಟ್ ಗಟ್ಟಿಯಾಗಿಬಿಡುತ್ತದೆ ಎಂದಳು. ಬೆಣ್ಣೆಯನ್ನು ಕೊನೆಯಲ್ಲಿ ಚೂರುಚೂರಾಗಿ ಸೇರಿಸಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದಳು. ಯಾರೋ ಪಕ್ಕದಲ್ಲಿ ನಿಂತು ಕೈ ಹಿಡಿದು ಕಲಿಸಿದ ಕೈಚಳಕ ಅದು, ಎಲ್ಲೋ ವಿಡಿಯೋ ನೋಡಿ ಕಲಿತದ್ದಲ್ಲ. ಆ ಮಧ್ಯೆ ಕಟ್ಟೆಯ ಮೇಲಿದ್ದ ಅವಳ ಫೋನ್ ಎರಡು ಸಲ ಗುಂಯ್‌ಗುಟ್ಟಿತು. ಎರಡೂ ಸಲ ಅವಳು ಹಿಟ್ಟಿನ ಕೈಯಲ್ಲೇ ಅದನ್ನು ಮಗುಚಿ ಹಾಕಿದಳು.

ಹಿಟ್ಟಿನ ಮುದ್ದೆಗೆ ಒದ್ದೆ ಬಟ್ಟೆ ಮುಚ್ಚಿಟ್ಟು, ಅದು ಉಬ್ಬುವ ತನಕ ಇಬ್ಬರೂ ಹೊರಕೋಣೆಯಲ್ಲಿ ಕೂತರು. ಕೂತರು ಎನ್ನುವುದು ಅಕ್ಕನ ಮಟ್ಟಿಗೆ ನಿಜ. ತಂಗಿ ಒಂದು ಗಳಿಗೆಯೂ ಕೂರಲಿಲ್ಲ. ಗೋಡೆ ಮುಟ್ಟಿ ನೋಡಿದಳು, ಬಣ್ಣ ಬಳಿಸಿ ಎಷ್ಟು ಕಾಲವಾಯಿತೆಂದು ಕೇಳಿದಳು, ಕಿಟಕಿಯ ಬಳಿ ಹೋಗಿ ಕೆಳಗಿನ ಬೀದಿ ನೋಡಿದಳು, ಅಪ್ಪನ ಹಳೆಯ ಕಪಾಟಿನ ಬಾಗಿಲು ತೆರೆದು ಮುಚ್ಚಿದಳು. ಮತ್ತೆ ಕಿಟಕಿಗೆ ಹೋದಳು.

ಈ ಮನೆ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಅಪ್ಪ ಹೋಗಿ ಬಹಳ ವರ್ಷವಾದರೂ ಇಬ್ಬರಲ್ಲಿ ಒಬ್ಬರೂ ಆ ಮಾತು ಎತ್ತಿರಲಿಲ್ಲ. ಅಕ್ಕ ಮದುವೆಯಾಗದೆ ಇಲ್ಲೇ ಉಳಿದವಳು, ಕೆಮ್ಮಿ ಕೆಮ್ಮಿ ಸುಸ್ತಾದ ಅಪ್ಪನನ್ನು ಕೊನೆಯ ತನಕ ನೋಡಿಕೊಂಡವಳು. ತಂಗಿ ಮದುವೆಯಾಗಿ ಹೋದವಳು, ಒಬ್ಬ ಮಗನ ತಾಯಿ. ಆ ಮಗ ಈಗ ಕೆಲಸಕ್ಕೆ ಸೇರಿದ್ದಾನೆ, ಇನ್ನು ಅವನಿಗೊಂದು ನೆಲೆ ಬೇಕಲ್ಲ. ಓಹೋ ಎಂದುಕೊಂಡಳು ಅಕ್ಕ. ಡೋನಟ್ಟಿನ ತೂತಿನಲ್ಲಿ ಕಾಣುವುದು ಈ ಮನೆ.

ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ.

“ಮನೆ ಪಾಲು ಮಾಡ್ಕೊಳೋಣ ಅಂತ ಬಂದಿದ್ರೆ ನೇರವಾಗಿ ಹೇಳು. ಇಷ್ಟೊಂದು ಹಿಟ್ಟು ಹಾಳು ಮಾಡೋದು ಬೇಡ,” ಎಂದಳು.

ತಂಗಿಯ ಮುಖ ಸಪ್ಪಗಾಯಿತು. ಅಷ್ಟೆಲ್ಲ ಕೀಳಾಗಿ ಕಂಡೆನಾ ನಿನಗೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಿಟ್ಟು ನೋಡುವ ನೆವದಲ್ಲಿ ಒಳಗೆ ಹೋದಳು. ಮೂಗು ಏರಿಸುವ ಸದ್ದು ಕೇಳಿಸಿತು. ಅಕ್ಕನಿಗೆ ಒಂದು ಕ್ಷಣ ನಾಚಿಕೆಯಾಯಿತು. ಮರುಕ್ಷಣವೇ ಹೊಸ ಅನುಮಾನ ಹುಟ್ಟಿತು. ಮನೆ ಅಲ್ಲವಾದರೆ ಕಾಯಿಲೆಯೇ? ತಂಗಿ ಬಡವಾಗಿದ್ದಾಳೆಯೇ? ಆಸ್ಪತ್ರೆಯಲ್ಲಿ ಏನಾದರೂ ಹೇಳಿದ್ದಾರೆಯೇ? ಸಾಯುವ ಮೊದಲು ಅಕ್ಕನಿಗೊಂದು ಸಿಹಿ ಮಾಡಿಕೊಡಲು ಬಂದಿದ್ದಾಳೆಯೇ? ಹಾಗೆ ಯೋಚಿಸಿದ್ದೇ ತಡ, ಎದ್ದು ಹೋಗಿ ತಂಗಿಯ ಮಣಿಕಟ್ಟು ಹಿಡಿದು, ಮೈ ಹುಷಾರಾಗಿದೆಯಾ ಎಂದು ಕೇಳಿದಳು. ಗುಂಡುಕಲ್ಲಿನ ಹಾಗಿದ್ದೇನೆ ಎಂದಳು ತಂಗಿ, ಕೈ ಬಿಡಿಸಿಕೊಳ್ಳದೆ. ಸುಳ್ಳು ಹೇಳುತ್ತಿರುವಂತೆ ಕಾಣಲಿಲ್ಲ. ಹಾಗಾದರೆ ಏನು?

ಇದ್ದುದನ್ನೇ ಬಿಸಿಮಾಡಿ ಇಬ್ಬರೂ ಊಟ ಮುಗಿಸಿದರು. ಅಷ್ಟರಲ್ಲಿ ಹಿಟ್ಟು ಎರಡರಷ್ಟಾಗಿ ಬಟ್ಟೆಯನ್ನು ಮೇಲೆತ್ತಿತ್ತು. ತಂಗಿ ಮುಷ್ಟಿಯಿಂದ ಗುದ್ದಿ ಗಾಳಿ ಬಿಡಿಸಿ, ಬೆರಳಿನ ದಪ್ಪಕ್ಕೆ ಲಟ್ಟಿಸಿ, ಸ್ಟೀಲ್ ಲೋಟದಿಂದ ದುಂಡಗೆ ಕತ್ತರಿಸಿದಳು. ನಡುವಿನ ತೂತಿಗೆ ಬಾಟಲಿಯ ಮುಚ್ಚಳ. ಒಂದೊಂದನ್ನೂ ಒಂದೊಂದು ಕಾಗದದ ತುಂಡಿನ ಮೇಲಿಟ್ಟು ಇನ್ನೊಮ್ಮೆ ಉಬ್ಬಲು ಬಿಟ್ಟಳು. ಕೈಯಿಂದ ಎತ್ತಿದರೆ ಆಕಾರ ಕೆಡುತ್ತದಂತೆ. ಕಾಗದದ ಸಮೇತ ಎಣ್ಣೆಯ ಹತ್ತಿರ ಒಯ್ದು ಜಾರಿಸಬೇಕಂತೆ. ಬಾಣಲೆಯ ಎಣ್ಣೆಗೆ ಮೊದಲು ಒಂದು ಚೂರು ಹಿಟ್ಟು ಹಾಕಿ ನೋಡಿದಳು. ಅದು ತಳಕ್ಕೆ ಹೋಗಿ, ಸುತ್ತ ಗುಳ್ಳೆ ಎಬ್ಬಿಸುತ್ತಾ ನಿಧಾನವಾಗಿ ಮೇಲೆ ಬಂದಾಗ, ಈಗ ಸರಿ ಎಂದಳು.

ಡೋನಟ್‌ಗಳು ಎಣ್ಣೆಯಲ್ಲಿ ಊದಿಕೊಂಡು, ತಿರುವಿ ಹಾಕಿದಾಗ ಹೊಂಬಣ್ಣಕ್ಕೆ ಬಂದವು. ಎರಡು ಮಗ್ಗುಲಿನ ನಡುವೆ, ಸೊಂಟದ ಸುತ್ತ ಬೆಳ್ಳಗಿನ ಪಟ್ಟಿ ಉಳಿದಿತ್ತು. ಅದು ಕಂಡರೆ ಹಿಟ್ಟು ಚೆನ್ನಾಗಿ ಉಬ್ಬಿದೆ ಎಂದರ್ಥ ಎಂದು ತಂಗಿ ಹೇಳಿದಳು. ಪುಡಿಸಕ್ಕರೆಗೆ ಬಿಸಿ ಹಾಲು, ಚೂರು ಬೆಣ್ಣೆ ಬೆರೆಸಿ ಗ್ಲೇಜ್ ಸಿದ್ಧ ಮಾಡಿದ್ದಳು. ಸಡಿಲವಾದ ಬಿಳಿಯ ಅಂಟು. ಬಿಸಿಬಿಸಿ ಡೋನಟ್ಟನ್ನು ಅದರಲ್ಲಿ ಮುಳುಗಿಸಿ ಎತ್ತಿದರೆ ಅದು ಮೈಗೆ ತೆಳ್ಳಗೆ ಹತ್ತಿ ಹೊಳೆಯುತ್ತಿತ್ತು.

“ಒಂದು ಉದ್ದನೆ ಕೋಲೇನಾದ್ರೂ ಇದೆಯಾ ಅಕ್ಕಾ?”

ಹೊಸ ಪರದೆಗೆಂದು ತಂದಿಟ್ಟಿದ್ದ ಮರದ ಸಪೂರ ಸರಳು ಇತ್ತು. ಅಕ್ಕ ಅದನ್ನು ತೊಳೆದು ಒರೆಸಿ ಕೊಟ್ಟಳು. ತಂಗಿ ಎರಡು ಡಬ್ಬಗಳನ್ನು ದೂರದೂರ ಇಟ್ಟು, ಕೆಳಗೆ ತಟ್ಟೆ ಹರಡಿ, ಗ್ಲೇಜಿನಲ್ಲಿ ಅದ್ದಿದ ಡೋನಟ್‌ಗಳನ್ನು ಒಂದರ ಹಿಂದೆ ಒಂದರಂತೆ ಕೋಲಿಗೆ ಪೋಣಿಸಿ, ಕೋಲನ್ನು ಡಬ್ಬಗಳ ಮೇಲೆ ಅಡ್ಡಲಾಗಿ ಇಟ್ಟಳು. ಹೆಚ್ಚಾದ ಗ್ಲೇಜ್ ತೊಟ್ಟುತೊಟ್ಟಾಗಿ ತಟ್ಟೆಗೆ ಬೀಳತೊಡಗಿತು.

ಅಕ್ಕ ನಿಂತಲ್ಲೇ ನಿಂತಳು.

ಡೋನಟ್ಟನ್ನು ಹೀಗೆ ಕೋಲಿಗೆ ನೇತುಹಾಕುವುದನ್ನು ಅವಳು ನೋಡಿದ್ದು ಒಂದೇ ಜಾಗದಲ್ಲಿ. ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಬೇಕರಿಯಿತ್ತು. ಆಗ ಅವಳು ಕೆಲಸಕ್ಕೆ ಹೊಸಬಳು. ತಕ್ಕಡಿಗೆ ಮುದ್ರೆ ಒತ್ತಲು ಹೋದಾಗ, ಮೊಣಕೈ ತನಕ ಹಿಟ್ಟು ಮೆತ್ತಿಕೊಂಡಿದ್ದ ಬೇಕರಿಯವರ ಮಗ ಒಂದು ಕೋಲನ್ನೇ ಎತ್ತಿ ಅವಳ ಮುಂದೆ ಹಿಡಿದು, ಬೇಕಾದ್ದು ತೆಗೆದುಕೊಳ್ಳಿ ಎಂದಿದ್ದ. ಅವಳು ಮುಟ್ಟಲಿಲ್ಲ. ವರ್ಷಕ್ಕೊಮ್ಮೆ ಮುದ್ರೆ ಬಿದ್ದರೆ ಸಾಲುವ ತಕ್ಕಡಿ ಅದು; ಅವನು ಮೂರೇ ತಿಂಗಳಿಗೆ ಇಲಾಖೆಗೆ ಬಂದು, “ಯಾಕೋ ನಮ್ಮ ತಕ್ಕಡಿ ಮೇಲೆ ನನಗೇ ಅನುಮಾನ, ಇನ್ನೊಂದ್ಸಲ ಬಂದು ನೋಡಿ,” ಎಂದ. ಅವಳು ಹೋದಳು. ತಕ್ಕಡಿಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆ ಸಲ ಡೋನಟ್ ತಿಂದಳು. ಆಮೇಲೆ ಮನೆಯವರ ತನಕ ಮಾತು ಹೋಗಿ, ಎರಡೂ ಕಡೆ ಒಪ್ಪಿಗೆಯಾಯಿತು. ಮದುವೆಯ ತಿಂಗಳೂ ಗೊತ್ತಾಯಿತು. ಒಂದು ಸಂಜೆ ಅಪ್ಪ ಹೊರಗಿನಿಂದ ಬಂದು, ಚಪ್ಪಲಿಯನ್ನೂ ಬಿಡದೆ, “ಅವರಿಗೆ ಬೇಡವಂತೆ ಮಗಳೇ. ಕೆಲಸಕ್ಕೆ ಹೋಗೋ ಹುಡುಗಿ ಬೇಡವಂತೆ,” ಎಂದರು.

ಅವಳು ಒಂದು ಮಾತೂ ಕೇಳಲಿಲ್ಲ. ಆ ಓಣಿ ಬರುವ ವಾರ್ಡನ್ನು ಸಹೋದ್ಯೋಗಿಗೆ ಬಿಟ್ಟುಕೊಟ್ಟು ಬೇರೆ ವಾರ್ಡು ತೆಗೆದುಕೊಂಡಳು. ಅದಾಗಿ ಮೂವತ್ತು ವರ್ಷಕ್ಕೆ ಹತ್ತಿರ.

“ಇದನ್ನ ಕಲಿಸಿದ್ದು ಬೇಕರಿಯವರಾ?” ಎಂದು ಕೇಳಿದಳು.

ತಂಗಿಯ ಕೈ ಗ್ಲೇಜಿನ ಬಟ್ಟಲಿನಲ್ಲೇ ನಿಂತಿತು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳಲಿಲ್ಲ ಅಷ್ಟೇ. “ಅವರ ಮಗಳು,” ಎಂದಳು ಮೆಲ್ಲಗೆ.

ಒಂದು ಸಲ ಬಾಯಿ ಬಿಟ್ಟಮೇಲೆ ತಂಗಿಯನ್ನು ನಿಲ್ಲಿಸಲಾಗಲಿಲ್ಲ. ಒಲೆ ಆರಿಸುವುದನ್ನೂ ಮರೆತು ಹೇಳುತ್ತಾ ಹೋದಳು. ಮಗ ಆರೇಳು ತಿಂಗಳಿಂದ ಒಬ್ಬ ಹುಡುಗಿಯನ್ನು ಇಷ್ಟಪಟ್ಟಿದ್ದಾನೆ. ಹುಡುಗಿ ಚೆನ್ನಾಗಿದ್ದಾಳೆ, ಮನೆಗೆ ಬಂದು ಹೋಗುತ್ತಾಳೆ, ಹಿಟ್ಟು ನಾದಲು ಕಲಿಸಿದ್ದೂ ಅವಳೇ. ಯಾರ ಮಗಳೆಂದು ಗೊತ್ತಾದದ್ದು ಮಾತ್ರ ಹೋದ ತಿಂಗಳು, ಅವರ ಮನೆಗೆ ಹೋದಾಗ. ಬಾಗಿಲು ತೆರೆದವನು ಆ ಬೇಕರಿಯ ಹುಡುಗನೇ ಎಂದು ಮುಖ ನೋಡಿದ್ದೇ ತನಗೆ ಗೊತ್ತಾಯಿತು. ಅವನೂ ಗುರುತು ಹಿಡಿದ. ನಿಮ್ಮಕ್ಕ ಹೇಗಿದ್ದಾರೆ ಎಂದು ಕೇಳಿದ. ಆಗ ಅವನ ಹೆಂಡತಿ, ದಪ್ಪನೆಯ ನಗೆಮೊಗದ ಹೆಂಗಸು, ಟೀ ತಂದಿಡುತ್ತಾ ಒಂದು ಮಾತು ಹೇಳಿದಳು.

“ಏನು ಹೇಳಿದ್ಲು?”

ತಂಗಿ ಕೈ ಒರೆಸಿಕೊಂಡಳು. “‘ಇವರನ್ನ ಬೇಡ ಅಂದೋರ ತಂಗೀನಾ ನೀವು? ಆ ಪುಣ್ಯಾತ್ಗಿತ್ತಿ ಬೇಡ ಅಂದಿದ್ದಕ್ಕೇ ಇವರನ್ನ ನನ್ನ ತಲೆಗೆ ಕಟ್ಟಿದ್ದು’ ಅಂದ್ಲು.”

“ಬೇಡ ಅಂದಿದ್ದು ನಾನಾ?”

“ಹಾಗಂತ ಅವರು ತಿಳ್ಕೊಂಡಿದ್ದಾರೆ. ಅಪ್ಪ ಅವರ ಬೇಕರಿಗೆ ಹೋಗಿ, ನನ್ನ ಮಗಳಿಗೆ ಮನಸ್ಸಿಲ್ಲ, ಹೇಳೋಕೆ ಅವಳಿಗೆ ಸಂಕೋಚ, ನೀವೇ ಬಿಟ್ಟುಬಿಡಿ ಅಂದ್ರಂತೆ.”

ಅಕ್ಕ ಸುಳ್ಳು ಎಂದಳು. ಯೋಚಿಸದೆ ಬಂದ ಮಾತು ಅದು. ಯೋಚಿಸಿದ ಮೇಲೂ ಹಾಗೇ ಅನ್ನಿಸಿತು. ಇಷ್ಟು ವರ್ಷ ಕಳೆದ ಮೇಲೆ, ಹೆಂಡತಿಯ ಎದುರು, ಮಗಳ ಮದುವೆಯ ಹೊತ್ತಿನಲ್ಲಿ ಯಾವ ಗಂಡಸು ತಪ್ಪು ತನ್ನದೆಂದು ಒಪ್ಪಿಕೊಂಡಾನು? ಸತ್ತವರ ತಲೆಗೆ ಕಟ್ಟುವುದು ಸುಲಭ, ಅವರು ಬಂದು ಇಲ್ಲವೆನ್ನುವುದಿಲ್ಲ. ತಕ್ಕಡಿ ಸರಿಯಿದೆಯೋ ಇಲ್ಲವೋ ಎಂದು ಯಾರಾದರೂ ಅಂಗಡಿಯವನನ್ನೇ ಕೇಳುತ್ತಾರೆಯೇ?

ಕೇಳಬೇಕಾದ ಒಬ್ಬರು ಇನ್ನೂ ಇದ್ದರು. ಸೋದರತ್ತೆ, ಅಪ್ಪನ ಅಕ್ಕ. ತೊಂಬತ್ತರ ಹತ್ತಿರದ ಜೀವ, ಈಗ ಬೇರೆ ಊರಿನಲ್ಲಿ ಮಗನ ಮನೆಯಲ್ಲಿದ್ದಳು. ಅಪ್ಪ ಏನೇ ಇದ್ದರೂ ಮೊದಲು ಹೇಳುತ್ತಿದ್ದುದು ಅವಳಿಗೆ. ಅಕ್ಕ ಹೊರಕೋಣೆಗೆ ಹೋಗಿ ಫೋನ್ ಮಾಡಿದಳು. ಅತ್ತೆಗೆ ಕಿವಿ ಮಂದ. ಎರಡು ಸಲ ಮೆಲ್ಲಗೆ ಕೇಳಿ, ಮೂರನೆಯ ಸಲ ಕೂಗಿಯೇ ಕೇಳಬೇಕಾಯಿತು. ಮುರಿದುಹೋದ ತನ್ನ ಮದುವೆಯ ವಿಷಯವನ್ನು ಅಕ್ಕಪಕ್ಕದ ಮನೆಗೆಲ್ಲ ಕೇಳಿಸುವ ಹಾಗೆ ಕೂಗಿದಳು.



“ಅವನು ನಿನಗೆ ಹೇಳಲೇ ಇಲ್ವಾ?” ಎಂದಳು ಅತ್ತೆ. “ಸಾಯೋ ಮುಂಚೆ ಹೇಳ್ತೀನಿ ಅಂದಿದ್ನಲ್ಲ.”

“ಏನಂತ, ಅತ್ತೆ?”

“ಬೇಕರಿಯಿಂದ ಸೀದಾ ನನ್ನ ಮನೆಗೆ ಬಂದ. ಕೂತು ಅತ್ತ. ಅವನಿಗಾಗಲೇ ಎದೆ ಕೆಟ್ಟಿತ್ತು, ಕೆಲಸಕ್ಕೆ ಹೋಗೋ ಹಾಗಿರಲಿಲ್ಲ. ನಿನ್ನ ತಂಗಿ ಇನ್ನೂ ಓದ್ತಿದ್ಲು. ನೀನೂ ಹೋಗ್ಬಿಟ್ರೆ ಈ ಮನೆ ನಡೆಸೋರು ಯಾರು ಅಂತ ಹೆದರಿದ್ದ. ನಾನು ಬೈದೆ. ಎರಡು ವರ್ಷ ಹೋಗಲಿ, ಇನ್ನೂ ಒಳ್ಳೇ ಕಡೆ ನೋಡ್ತೀನಿ ಅಂದ. ಆಮೇಲೆ ನೋಡಲಿಲ್ಲ.”

ಅಕ್ಕ ಫೋನ್ ಇಟ್ಟಳು. ಒಳಗಿನಿಂದ ಕಮಟು ವಾಸನೆ ಬರುತ್ತಿತ್ತು. ಕಾದು ಕಾದು ಎಣ್ಣೆ ಹೊಗೆಯಾಡುತ್ತಿತ್ತು. ಅವಳೇ ಹೋಗಿ ಒಲೆ ಆರಿಸಿದಳು. ಕಾಗದದ ಮೇಲೆ ಕಾದಿದ್ದ ಮಿಕ್ಕ ಡೋನಟ್‌ಗಳು ಅತಿಯಾಗಿ ಉಬ್ಬಿ, ಗಾಳಿ ಹೋಗಿ ಸುಕ್ಕುಗಟ್ಟಿ ಮಲಗಿದ್ದವು.

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು. ಆ ಸಂಜೆಯ ನಂತರ ಅಪ್ಪ ಅವಳೊಂದಿಗೆ ನಡೆದುಕೊಂಡ ರೀತಿ ಒಂದೊಂದಾಗಿ ನೆನಪಿಗೆ ಬಂತು. ದಿನಾ ಸಂಜೆ ಬಸ್ ಸ್ಟಾಪಿಗೆ ಬಂದು ಕಾಯುತ್ತಿದ್ದರು. ಮಳೆಯಿದ್ದರೆ ಕೊಡೆ, ಚಳಿಯಿದ್ದರೆ ಅವಳ ಶಾಲು. ಕೆಮ್ಮುತ್ತಲೇ ಟೀ ಕಾಸಿ ಕೊಡುತ್ತಿದ್ದರು. ಅವಳ ಮಾತಿಗೆ ಎದುರಾಡಿದವರಲ್ಲ. ಇಂಥ ಅಪ್ಪ ಯಾರಿಗಿದ್ದಾರೆ ಎಂದು ಅವಳು ಕಚೇರಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ಆ ಟೀ, ಆ ಕೊಡೆ, ಬಸ್ ಸ್ಟಾಪಿನ ಆ ಕಾಯುವಿಕೆ, ಯಾವುದು ಪ್ರೀತಿ, ಯಾವುದು ಅಪರಾಧ ಮುಚ್ಚುವ ಹೊದಿಕೆ? ಮಗಳು ಮನೆಗೆ ಬರುವ ದಾರಿಯಲ್ಲಿ ಆ ಓಣಿಯ ಯಾರಾದರೂ ಸಿಕ್ಕಾರು, ಮಾತಾಡಿಸಿಯಾರು ಎಂಬ ಹೆದರಿಕೆಯಿಂದಲೂ ಕಾದಿರಬಹುದಲ್ಲ? ಊರಿನ ಅಂಗಡಿಗಳನ್ನೆಲ್ಲ ಅನುಮಾನದಿಂದ ನೋಡಿದವಳು ಅವಳು. ಮನೆಯೊಳಗಿನ ಒಬ್ಬರನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದಳು.

ಈಗ ಮನೆಯ ಇನ್ನೊಬ್ಬಳು, ತಂಗಿ, ಎದುರಿಗೆ ನಿಂತಿದ್ದಳು.

“ನಿನಗೆ ಮೊದಲೇ ಗೊತ್ತಿತ್ತಾ?” ಎಂದು ಕೇಳಿದಳು.

ತಂಗಿ ಇಲ್ಲವೆಂದು ತಲೆಯಾಡಿಸಿದಳು. “ಗೊತ್ತಿರಲಿಲ್ಲ. ಆದ್ರೆ ನಾನು ಕೇಳಲೂ ಇಲ್ಲ. ನೀನು ಮನೇಲೇ ಉಳ್ಕೊಂಡಿದ್ದು ನನಗೆ ಅನುಕೂಲವಾಗಿತ್ತು,” ಎಂದಳು.

ಅಕ್ಕ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಸುಳ್ಳು ಹೇಳುವವರು ಇಲ್ಲವೆಂದಷ್ಟೇ ಹೇಳಿ ನಿಲ್ಲಿಸುತ್ತಾರೆ. ಎರಡನೆಯ ಮಾತು ಸೇರಿಸುವುದಿಲ್ಲ. ನಂಬಿದಳು. ನಂಬಿದ್ದರಿಂದ ಸಮಾಧಾನವೇನೂ ಆಗಲಿಲ್ಲ. ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು, ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಎದ್ದು ಒಂದು ಲೋಟ ನೀರು ಕುಡಿದಳು.

ತಂಗಿ ಇನ್ನೂ ಒಂದು ವಿಷಯ ಹೇಳಬೇಕಿತ್ತು. ಆ ಮನೆಯವರ ಜೊತೆ ಸಂಬಂಧ ಬೆಳೆಸುವುದು ಅಕ್ಕನಿಗೆ ನೋವಾಗುವುದಾದರೆ ಮದುವೆಯೇ ಬೇಡ ಎಂದು ಮಗನಿಗೆ ಹೇಳಿಬಿಟ್ಟಿದ್ದಳಂತೆ. ಅವನು ಒಪ್ಪಿದ್ದಾನಂತೆ. ದೊಡ್ಡಮ್ಮ ಒಪ್ಪಿದರೆ ಮಾತ್ರ ಎಂದನಂತೆ. ಅದನ್ನು ಕೇಳಿದಾಗ ಅಕ್ಕನಿಗೆ ಬೆಳಗಿನಿಂದ ಬಾರದಿದ್ದ ಸಿಟ್ಟು ಬಂತು.

“ಒಬ್ಬರ ಮದುವೆ ಇನ್ನೊಬ್ಬರು ನಿಲ್ಲಿಸೋದು ಈ ಮನೇಲಿ ಒಂದ್ಸಲ ಆಗಿದ್ದೇ ಸಾಕು,” ಎಂದಳು. ಆಮೇಲೆ ಕಟ್ಟೆಯ ಮೇಲೆ ಮಗುಚಿ ಬಿದ್ದಿದ್ದ ಫೋನಿನತ್ತ ಕೈತೋರಿಸಿದಳು. “ಬೆಳಿಗ್ಗೆಯಿಂದ ಗುಂಯ್ ಅಂತಿರೋದು ಯಾರು? ಕಿಟಕೀಲಿ ಯಾರನ್ನ ನೋಡ್ತಿದ್ದೆ?”

ತಂಗಿ ತಲೆ ತಗ್ಗಿಸಿದಳು. ಮಗ, ಹುಡುಗಿ ಇಬ್ಬರೂ ಬೀದಿಯ ಕೊನೆಯ ಜ್ಯೂಸ್ ಅಂಗಡಿಯಲ್ಲಿ ಕೂತಿದ್ದರು. ಬೆಳಿಗ್ಗೆಯಿಂದಲೇ. ಅಂಗಡಿಯವನು ಎರಡು ಸಲ ಮೇಜು ಒರೆಸಿ ಹೋಗಿದ್ದನಂತೆ.

“ಮೇಲೆ ಬರಕ್ಕೆ ಹೇಳು. ಜ್ಯೂಸ್ ಕುಡಿದೂ ಕುಡಿದೂ ಹೊಟ್ಟೆ ಕೆಟ್ಟೀತು.”

ತಂಗಿಯ ಮಗ ದೊಡ್ಡಮ್ಮನ ಎದುರು ನಿಲ್ಲಲಾರದೆ ಹೊರಕೋಣೆಯಲ್ಲೇ ಉಳಿದ. ಹುಡುಗಿ ಮಾತ್ರ ನಮಸ್ಕಾರ ಹೇಳಿ ಅಡಿಗೆಮನೆಯ ತನಕ ಬಂದಳು. ಎತ್ತರದ ಹುಡುಗಿ, ಗಟ್ಟಿ ಮಣಿಕಟ್ಟು. ಅಕ್ಕ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಕಣ್ಣು ತಾಯಿಯದಿರಬೇಕು, ಕಿವಿ ಮಾತ್ರ ಥೇಟ್ ಅವನದೇ, ಸ್ವಲ್ಪ ಮುಂದಕ್ಕೆ ಚಾಚಿದ ಕಿವಿ. ಹುಡುಗಿ ಅಳುಕುತ್ತಾ ಕಟ್ಟೆಯ ಕಡೆ ನೋಡಿದಳು. ಕಾಗದದ ಮೇಲೆ ಸುಕ್ಕುಗಟ್ಟಿ ಮಲಗಿದ್ದ ಹಿಟ್ಟಿನ ಬಳೆಗಳನ್ನು ಕಂಡು ಅವಳಿಗೆ ಜೀವ ಬಂತು.

“ಇವನ್ನ ಎಸೀಬೇಡಿ. ಮತ್ತೆ ನಾದಿ ಕತ್ತರಿಸಬಹುದು, ಸ್ವಲ್ಪ ಹೊತ್ತು ಹಿಡಿಯುತ್ತೆ ಅಷ್ಟೇ,” ಎಂದು ತೋಳು ಮಡಿಸಿದಳು.

ಅಕ್ಕ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ನಿಮ್ಮಪ್ಪ ಹೇಗಿದ್ದಾರೆ ಎಂಬ ಮಾತು ನಾಲಿಗೆಯ ತುದಿಯ ತನಕ ಬಂದು, ಅಲ್ಲಿ ನಿಂತಿತು. ಬದಲಿಗೆ, ಹಿಟ್ಟಿಗೆ ಉಪ್ಪು ಸಾಲದಾಗಿತ್ತೇ ನೋಡು ಎಂದಳು. ಹುಡುಗಿ ಚೂರು ಹಿಟ್ಟು ನಾಲಿಗೆಗೆ ಇಟ್ಟು, ಸಾಲದು, ಚಿಟಿಕೆ ಕಡಿಮೆ ಎಂದಳು. ತಂಗಿ ಅಳುತ್ತಿದ್ದವಳು ಅದಕ್ಕೂ ಸಿಟ್ಟು ಮಾಡಿಕೊಂಡಳು. ತಾನು ಸರಿಯಾಗೇ ಹಾಕಿದ್ದೆ ಎಂದು ವಾದಕ್ಕಿಳಿದಳು. ಕೋಲಿನ ಮೇಲಿನ ಡೋನಟ್‌ಗಳ ಗ್ಲೇಜ್ ಅಷ್ಟರಲ್ಲಿ ಒಣಗಿ ತೆಳ್ಳನೆಯ ಗಾಜಿನಂತಾಗಿತ್ತು. ಅಕ್ಕ ಒಂದನ್ನು ಕೋಲಿನಿಂದ ಜಾರಿಸಿ ತೆಗೆದು ಕಚ್ಚಿದಳು. ಹೊರಪದರ ಕುರುಕ್ಕೆಂದು ಮುರಿದು, ಒಳಗಿನದು ಹತ್ತಿಯಂತೆ ಅಮುಕಿಕೊಂಡು ಹೋಯಿತು. ಒಳ್ಳೆಯ ಡೋನಟ್.

ಮದುವೆ ಕೆಲವು ತಿಂಗಳ ನಂತರ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯಿತು. ಊಟಕ್ಕೆ ಒಂದು ಸಣ್ಣ ಹಾಲ್ ಹಿಡಿದಿದ್ದರು. ಆ ನಡುವಿನ ತಿಂಗಳುಗಳಲ್ಲಿ ಅಪ್ಪನ ಮೇಲಿನ ಸಿಟ್ಟು ಆರಿತು ಎಂದರೆ ಸುಳ್ಳಾದೀತು. ಕೆಲವು ದಿನ ಅವರ ಕಪಾಟಿನ ಕಡೆ ನೋಡಲೂ ಮನಸ್ಸಾಗುತ್ತಿರಲಿಲ್ಲ; ಕೆಲವು ದಿನ ಅವರ ಕೆಮ್ಮು ನೆನಪಾಗಿ ಅದೇ ಕಪಾಟಿನ ಧೂಳು ಒರೆಸಿಡುತ್ತಿದ್ದಳು. ತಂಗಿ ಈಗ ವಾರವಾರ ಬರುತ್ತಿದ್ದಳು. ಬಂದಾಗಲೆಲ್ಲ ಜಗಳವಾಡಿ ಹೋಗುತ್ತಿದ್ದಳು. ಅದು ಅಕ್ಕನಿಗೆ ಮೊದಲಿನ ನಗುವಿಗಿಂತ ಹಿತವಾಗಿತ್ತು.

ಹಾಲಿನಲ್ಲಿ ಬೇಕರಿಯವನು ಅವಳನ್ನು ಹುಡುಕಿಕೊಂಡು ಬಂದ. ತಲೆ ನರೆತಿತ್ತು, ಸೊಂಟ ದಪ್ಪವಾಗಿತ್ತು. ಚೆನ್ನಾಗಿದ್ದೀರಾ ಎಂದ. ಚೆನ್ನಾಗಿದ್ದೇನೆ ಎಂದಳು. ತಾನು ಹೇಳದಿದ್ದರೆ ಈ ಜನ್ಮದಲ್ಲಿ ಇದು ಹೇಳದೆಯೇ ಉಳಿಯುತ್ತದೆ ಎಂದು ಅವಳಿಗೆ ಅನ್ನಿಸಿತು.

“ನಾನು ಬೇಡ ಅಂದಿರಲಿಲ್ಲ,” ಎಂದಳು.

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಮತ್ತೆ ಹಾಕಿಕೊಂಡ. “ಮಗಳು ಹೇಳಿದ್ಲು. ನಿಮ್ಮ ಬಾಯಿಂದ ಕೇಳಬೇಕು ಅಂತಿತ್ತು,” ಎಂದ. ಅಷ್ಟರಲ್ಲಿ ಅವನ ಹೆಂಡತಿ ಫೋಟೋಕ್ಕೆ ನಿಲ್ಲಲು ಅವನನ್ನು ಕರೆದಳು. ಅಕ್ಕನನ್ನೂ ಕೈಹಿಡಿದು ಎಳೆದಳು. ಇವಳು ಆಮೇಲೆ ಬರುತ್ತೇನೆ ಎಂದು ಬಿಡಿಸಿಕೊಂಡಳು.

ಮೂಲೆಯ ಕುರ್ಚಿಯಲ್ಲಿ ಸೋದರತ್ತೆಯನ್ನು ಕೂರಿಸಿದ್ದರು. ಅಕ್ಕ ಹೋಗಿ ಪಕ್ಕದಲ್ಲಿ ಕೂತಳು. ಅತ್ತೆ ಕಣ್ಣು ಕಿರಿದು ಮಾಡಿ ಫೋಟೋ ತೆಗೆಯುತ್ತಿದ್ದ ಕಡೆ ನೋಡಿ, ಇಡೀ ಹಾಲಿಗೆ ಕೇಳಿಸುವಂತೆ, ಅಷ್ಟು ಹೊತ್ತು ನಿನ್ನ ಜೊತೆ ನಿಂತಿದ್ದ ಆ ದಪ್ಪಗಿನವನು ಯಾರು ಎಂದು ಕೇಳಿದಳು.

ಅಕ್ಕ ಅವಳ ಕಿವಿಯ ಹತ್ತಿರ ಬಾಗಿದಳು.

“ಬೀಗರು, ಅತ್ತೆ,” ಎಂದಳು. “ನಮ್ಮ ಬೀಗರು.”